ಸೆರಗು ಮುಟ್ಟದ ಕೊಳ್ಳುವಿಕೆ

ಅಂಗಡಿಯಲ್ಲಿ ಸೀರೆ ಕೊಳ್ಳುವವರು ಮಾತನ್ನು ನಂಬುವುದಿಲ್ಲ. ಸೆರಗನ್ನು ಬೆರಳಿನಿಂದ ಉಜ್ಜಿ ನೋಡುತ್ತಾರೆ. ಆನ್‌ಲೈನ್ ಅಂಗಡಿಯಲ್ಲಿ ಆ ಬೆರಳಿನ ಕೆಲಸವನ್ನು ಬರವಣಿಗೆಯೇ ಮಾಡಬೇಕು. ಆದುದರಿಂದ ಅದನ್ನೂ ಗದ್ಯವೆಂದೆಣಿಸಿ ವಿಮರ್ಶಿಸುವುದು ಅನುಚಿತವಾಗಲಾರದು.

ಇಳಕಲ್ ಸೀರೆಗಳ ಇಂಥ ಹಲವು ವರ್ಣನೆಗಳನ್ನು ಈಚೆಗೆ ಓದಿದೆ. ‘ಮನಮೋಹಕ’, ‘ರಾಜವೈಭವ’, ‘ಅಪೂರ್ವ’ ಎಂಬ ಮಾತುಗಳ ಮೆರವಣಿಗೆಯೇನೋ ಭರ್ಜರಿ. ಪಲ್ಲಕ್ಕಿಯಲ್ಲಿ ಮಾತ್ರ ದೇವರಿಲ್ಲ. ಇವನ್ನು ಯಾವ ಸೀರೆಗಾದರೂ ಹೇಳಬಹುದು. ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸುವುದೇ ಇಳಕಲ್ಲಿನ ನೇಯ್ಗೆಯ ಹೆಗ್ಗುರುತು. ಅದರ ಸುದ್ದಿಯೇ ಇಲ್ಲ. ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಹೇಳದಿದ್ದರೆ ಎರಡೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಅಗ್ಗದ್ದು ಗೆಲ್ಲುತ್ತದೆ. ನೇಕಾರರ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ.

ಒಂದು ವರ್ಣನೆ ಮಾತ್ರ ಬೇರೆಯಾಗಿತ್ತು: ಮೈ ಹತ್ತಿ, ಸೆರಗು ರೇಷ್ಮೆ, ಕೈಮಗ್ಗ, ಸೆರಗಿಗೆ ಕೊಂಡಿ, ಮೊದಲ ಒಗೆತದಲ್ಲಿ ತುಸು ಬಣ್ಣ ಬಿಡುತ್ತದೆ. ಕೊರತೆಯನ್ನು ಒಪ್ಪಿಕೊಂಡ ಆ ಕೊನೆಯ ಮಾತಿನಿಂದಲೇ ಉಳಿದುದನ್ನೆಲ್ಲ ನಂಬಿದೆ.

ವಸ್ತು ತಯಾರಾದ ದೇಶವನ್ನು ತಿಳಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ವಿಧಿಸಿವೆ. ಅದು ಕಾನೂನು. ನೇಯ್ದ ಬಗೆಯನ್ನೂ ಸೀರೆಯ ಕೊರತೆಯನ್ನೂ ತಿಳಿಸುವುದು ಬರೆಯುವವರ ಕರ್ತವ್ಯ. ಕೊಳ್ಳುವವರಿಗೂ ನೇಯ್ದವರಿಗೂ ಅಷ್ಟು ಸಂದರೆ ಸಾಕು. ಸೊಬಗು ತಾನಾಗಿ ಬಂದೀತು.