ವಹಿಯ ಬಲಗಡೆಯ ಪುಟ

ನನ್ನ ಸ್ಕೋರ್ ವಹಿಯಲ್ಲಿ ಎಡಗಡೆಯ ಪುಟ ಬ್ಯಾಟಿಂಗಿಗೆ, ಬಲಗಡೆಯದು ಬೌಲಿಂಗಿಗೆ. ಬಹಳ ವರ್ಷದ ರೂಢಿ ಇದು. ಪಂದ್ಯದ ಮರುದಿನ ಬೆಳಿಗ್ಗೆ ನಮ್ಮೂರು ಸಾವಳಗಿಯ ಚಹಾದಂಗಡಿಯ ಕಟ್ಟೆಗೆ ವಹಿ ಹಿಡಿದು ಹೋದರೆ ಹುಡುಗರು ಇಣುಕುವುದು ಎಡಗಡೆಗೇ. ‘ಸರ, ಕೊಹ್ಲಿ ಎಷ್ಟ ಹೊಡದಾನ್ರಿ?’ ಎಂಬುದೇ ಮೊದಲ ಪ್ರಶ್ನೆ. ‘ಎದುರಿನವ್ರು ಎಷ್ಟಕ್ಕ ನಿಂತ್ರು, ಅದನ್ನ ಮೊದಲ ಕೇಳೋ ತಮ್ಮಾ’ ಅನ್ನುವುದು ನನ್ನ ಉತ್ತರ. 2025ರ ಮಾರ್ಚ್ 22ರಿಂದ ಜೂನ್ 3ರವರೆಗಿನ ಪುಟಗಳನ್ನು ಈ ವಾರ ಮತ್ತೆ ಮೊದಲಿನಿಂದ ತಿರುವಿದೆ. ರಾಯಲ್ ಚಾಲೆಂಜರ್ಸ್ ಬೆಂಗಳೂರು ಹದಿನೆಂಟನೆಯ ಸಲಕ್ಕೆ ಐಪಿಎಲ್ ಕಪ್ ಗೆದ್ದದ್ದು ಹೇಗೆ ಎಂಬುದು ಬಲಗಡೆಯ ಪುಟದಲ್ಲೇ ಇದೆ.

ಎಡಗಡೆಯ ಪುಟಕ್ಕೆ ಈ ತಂಡದಲ್ಲಿ ಎಂದೂ ಬರ ಬಂದಿರಲಿಲ್ಲ. 2013ರಲ್ಲಿ ಗೇಲ್ ಒಬ್ಬರೇ ಅಜೇಯ 175 ಹೊಡೆದರು. ಆ ವರ್ಷ ತಂಡ ಪ್ಲೇಆಫ್‌ಗೂ ಹೋಗಲಿಲ್ಲ. 2016ರಲ್ಲಿ ಕೊಹ್ಲಿ 973 ರನ್ ಗಳಿಸಿದರು, ಫೈನಲ್ ಚಿನ್ನಸ್ವಾಮಿಯಲ್ಲೇ ನಡೆಯಿತು. ಹೈದರಾಬಾದಿನವರಿಗೆ ಕೊನೆಯ ಓವರಿನಲ್ಲಿ 24 ಕೊಟ್ಟು 208ಕ್ಕೆ ಬೆಳೆಯಲು ಬಿಟ್ಟೆವು. ಸೋತದ್ದು 8 ರನ್‌ಗಳಿಂದ. 2009ರ ಜೊಹಾನ್ಸ್‌ಬರ್ಗ್ ಫೈನಲ್ಲಿನಲ್ಲಿ ಮಾತ್ರ ಬೌಲರ್‌ಗಳ ಮೇಲೆ ಬೆರಳು ಮಾಡುವಂತಿಲ್ಲ. ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತಿದ್ದರು, 144ರ ಗುರಿ ಮುಟ್ಟಲಾಗದೆ 6 ರನ್‌ಗಳಿಂದ ಸೋತೆವು. ಆ ಆರು ರನ್ ನೆನಪಿನಲ್ಲಿರಲಿ.

2024ರ ನವೆಂಬರಿನಲ್ಲಿ ಜೆದ್ದಾದಲ್ಲಿ ಹರಾಜು ನಡೆದಾಗ ನಮ್ಮ ಕಟ್ಟೆಯ ಮೇಲೆ ದೊಡ್ಡ ಸಿಟ್ಟು. ಕೆ.ಎಲ್. ರಾಹುಲ್ ಬರುತ್ತಾರೆಂದು ಕಾದಿದ್ದರು. 14 ಕೋಟಿಗೆ ದೆಹಲಿಯವರು ಒಯ್ದರು. ನಮ್ಮವರು ಹೇಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ ಸುರಿದರು. ನನಗೆ ಅಂದೇ ಸಮಾಧಾನವಾಯಿತು. ಹೊಲಕ್ಕೆ ಬೇಲಿ ಹಾಕುವ ಬುದ್ಧಿ ಕಡೆಗೂ ಬಂತು ಅನಿಸಿತು.

ಮಾರ್ಚ್ 22, ಕೋಲ್ಕತ್ತದ ಈಡನ್ ಗಾರ್ಡನ್ಸ್. ರಹಾನೆ, ನರೈನ್ ಸೇರಿ ಒಂದೇ ವಿಕೆಟ್ಟಿಗೆ ನೂರು ದಾಟಿಸಿದ್ದರು. ಇನ್ನೂರರ ಮೇಲೆ ಹೋಗುವ ಲಕ್ಷಣ. ಆಗ ಕೃಣಾಲ್ ಬಂದು ರಹಾನೆ, ವೆಂಕಟೇಶ್ ಅಯ್ಯರ್, ರಿಂಕು ಸಿಂಗ್ ಮೂವರನ್ನೂ ಕಳಿಸಿದರು. ಹೇಜಲ್‌ವುಡ್ ನಾಲ್ಕು ಓವರಿಗೆ ಕೊಟ್ಟದ್ದು 22. ಕೋಲ್ಕತ್ತ 174ಕ್ಕೆ ನಿಂತಿತು. ಸಾಲ್ಟ್ 56, ಕೊಹ್ಲಿ ಅಜೇಯ 59 ಮಾಡಿ 16.2 ಓವರಿನಲ್ಲಿ ಆಟ ಮುಗಿಸಿದರು. ಯುಗಾದಿಗೆ ಎರಡು ದಿನ ಮುಂಚೆ ಚೆಪಾಕ್. ಅಲ್ಲಿ ಗೆದ್ದು 17 ವರ್ಷವಾಗಿತ್ತು. 196 ಹೊಡೆದು ಚೆನ್ನೈಯನ್ನು 146ಕ್ಕೆ ತಡೆದರು. ಹೇಜಲ್‌ವುಡ್‌ಗೆ 21ಕ್ಕೆ 3.

ತವರಿಗೆ ಬಂದ ಕೂಡಲೇ ಕಾಲು ಜಾರಿತು. ಏಪ್ರಿಲ್ 2ರಂದು ಗುಜರಾತ್ ಎದುರು 169. ಏಳು ವರ್ಷ ನಮ್ಮ ಅಂಗಿ ತೊಟ್ಟಿದ್ದ ಸಿರಾಜ್, ಬೇರೆ ಬಣ್ಣದ ಅಂಗಿಯಲ್ಲಿ ಬಂದು 19 ರನ್ನಿಗೆ 3 ವಿಕೆಟ್ ತೆಗೆದು ಹೋದರು. ಬಟ್ಲರ್ ಅಜೇಯ 73. ಎಂಟು ವಿಕೆಟ್ ಸೋಲು.

ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಊರ ಕಣದಲ್ಲಿ, ಊರವರ ಕೂಗಿನ ನಡುವೆ ತಡವರಿಸುವ ಪೈಲ್ವಾನ ಪರವೂರ ಕಣದಲ್ಲಿ ಎದುರಾಳಿಯನ್ನು ಚಿತ್ ಮಾಡಿ ಬರುವುದುಂಟು. ಕಾರಣ ಮಣ್ಣಿನಲ್ಲೂ ಇರುತ್ತದೆ. ಚಿನ್ನಸ್ವಾಮಿಯ ಪಿಚ್ ಈ ಸಲ ಮೊದಲ ಇನಿಂಗ್ಸಿನಲ್ಲಿ ಚೆಂಡನ್ನು ತಡೆತಡೆದು ಬಿಡುತ್ತಿತ್ತು. ಅಲ್ಲಿ ನಡೆದ ಐದೂ ಪಂದ್ಯಗಳಲ್ಲಿ ನಾಯಕ ರಜತ್ ಪಾಟೀದಾರ್ ಟಾಸ್ ಸೋತು ಮೊದಲು ಬ್ಯಾಟ್ ಮಾಡಬೇಕಾಯಿತು. ಹಳೆಯ ಚಿನ್ನಸ್ವಾಮಿಯ ಲೆಕ್ಕದಲ್ಲೇ ಬೀಸಿದವರು ಸಿಕ್ಕಿಬಿದ್ದರು.

ಏಪ್ರಿಲ್ 7ರ ವಾಂಖೆಡೆ ಪುಟದ ಸುತ್ತ ಕೆಂಪು ಗೆರೆ ಎಳೆದಿದ್ದೇನೆ. ಕೊಹ್ಲಿ 67, ಪಾಟೀದಾರ್ 64, ತಂಡ 221. ಅಷ್ಟಿದ್ದೂ ತಿಲಕ್ ವರ್ಮ 56, ಹಾರ್ದಿಕ್ 15 ಎಸೆತಗಳಲ್ಲಿ 42 ಹೊಡೆದು ಪಂದ್ಯವನ್ನು ಹೆಚ್ಚುಕಡಿಮೆ ಕಸಿದುಕೊಂಡಿದ್ದರು. ಹದಿನೆಂಟನೆಯ ಓವರಿನಲ್ಲಿ ಭುವನೇಶ್ವರ್ ತಿಲಕ್ ಅವರನ್ನು ಕಿತ್ತರು. ಹತ್ತೊಂಬತ್ತನೆಯದರ ಮೊದಲ ಎಸೆತಕ್ಕೇ ಹೇಜಲ್‌ವುಡ್‌ಗೆ ಹಾರ್ದಿಕ್ ಸಿಕ್ಕರು. ಕೊನೆಯ ಓವರಿಗೆ 19 ಬೇಕು. ಎಡಗೈ ಸ್ಪಿನ್ನರ್ ಕೈಗೆ ಚೆಂಡು ಬಂತು, ಅದೂ ಮುಂಬಯಿ ನಾಯಕನ ಒಡಹುಟ್ಟಿದ ಅಣ್ಣನ ಕೈಗೆ. ಕೃಣಾಲ್ ಆ ಓವರಿನಲ್ಲಿ ಕೊಟ್ಟದ್ದು 6 ರನ್, ಕಿತ್ತದ್ದು ಮೂರು ವಿಕೆಟ್. ಅವರ ಲೆಕ್ಕ 45ಕ್ಕೆ 4. ವಾಂಖೆಡೆಯಲ್ಲಿ ಹತ್ತು ವರ್ಷದ ಮೇಲೆ ಗೆಲುವು. ಕಬ್ಬಿಗೆ ರಾತ್ರಿ ಪಾಳಿಯ ಕರೆಂಟ್ ಕಾಯುತ್ತ ಹೊಲದಲ್ಲೇ ಮೊಬೈಲ್ ಹಿಡಿದು ಕೂತಿದ್ದ ನಮ್ಮ ಕಾಕಾ ಮೋಟರ್ ಚಾಲೂ ಮಾಡುವುದನ್ನೇ ಮರೆತಿದ್ದರು.

ಮೂರು ದಿನ ಬಿಟ್ಟು ಮತ್ತೆ ತವರು, ಎದುರು ದೆಹಲಿ. ಸಾಲ್ಟ್ ನಾಲ್ಕು ಓವರ್ ತುಂಬುವ ಮುನ್ನವೇ ತಂಡವನ್ನು 61ಕ್ಕೆ ಮುಟ್ಟಿಸಿ ರನೌಟ್ ಆದರು. ಆಮೇಲೆ ಕುಸಿದು 163. ದೆಹಲಿಯ ನಾಲ್ಕು ವಿಕೆಟ್ 58ಕ್ಕೆ ಬಿದ್ದಿದ್ದವು. ರಾಹುಲ್ 53 ಎಸೆತಗಳಲ್ಲಿ ಅಜೇಯ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ದುಂಡಗೆ ಗೆರೆ ಎಳೆದು ಇದು ನನ್ನ ಅಂಗಳ ಎಂದು ತೋರಿಸಿದರು. ‘ಕಾಂತಾರ’ ಚಿತ್ರದಿಂದ ಬಂದ ಸನ್ನೆ ಅದು ಎಂದು ಅವರೇ ಹೇಳಿದ್ದಾರೆ. ಸೋಲಿನ ನೋವಿನ ಜೊತೆಗೇ ಒಂದು ಹೆಮ್ಮೆಯೂ ಆಯಿತು. ಚಿನ್ನಸ್ವಾಮಿಯ ಮಣ್ಣಿನಲ್ಲಿ ಬೆಳೆದ ಹುಡುಗನಿಗೆ ಹಾಗೆ ಅನ್ನುವ ಹಕ್ಕಿದೆ.

ಜೈಪುರದಲ್ಲಿ ಹಸಿರು ಅಂಗಿ ತೊಟ್ಟು ಒಂಬತ್ತು ವಿಕೆಟ್ ಗೆಲುವು. ಅಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಏಪ್ರಿಲ್ 18 ನಮ್ಮ ತಂಡಕ್ಕೆ ಒಗ್ಗದ ದಿನವೇ ಇರಬೇಕು. 2008ರ ಅದೇ ದಿನ, ಚಿನ್ನಸ್ವಾಮಿಯಲ್ಲೇ ಮೆಕಲಮ್ ಅಜೇಯ 158 ಹೊಡೆದು, ನಾವು 82ಕ್ಕೆ ಉರುಳಿದ್ದೆವು. ಈ ಸಲ ಮಳೆಯಿಂದ 14 ಓವರಿಗಿಳಿದ ಆಟದಲ್ಲಿ ಪಂಜಾಬ್ ಎದುರು 9 ವಿಕೆಟ್ಟಿಗೆ 95. ಟಿಮ್ ಡೇವಿಡ್ ಅಜೇಯ 50 ಹೊಡೆಯದಿದ್ದರೆ ಅದೂ ಇರುತ್ತಿರಲಿಲ್ಲ. ಐದು ವಿಕೆಟ್ ಸೋಲು. ತವರಿನಲ್ಲಿ ಸತತ ಮೂರನೆಯದು. ಎರಡೇ ದಿನಕ್ಕೆ ಅದೇ ಪಂಜಾಬನ್ನು ಅವರ ಮುಲ್ಲಾನ್‌ಪುರದಲ್ಲಿ 157ಕ್ಕೆ ಕಟ್ಟಿಹಾಕಿದರು. ಕೃಣಾಲ್, ಸುಯಶ್ ಶರ್ಮ ತಲಾ ಎರಡು ವಿಕೆಟ್. ಕೊಹ್ಲಿ ಅಜೇಯ 73, ಪಡಿಕ್ಕಲ್ 61.

ತವರಿನ ಮೊದಲ ಗೆಲುವಿಗೆ ಏಪ್ರಿಲ್ 24ರವರೆಗೆ ಕಾಯಬೇಕಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಋತುವಿನ ಅತ್ಯುತ್ತಮ ಓವರ್ ಬಿದ್ದದ್ದು ಅಂದು. ನಮ್ಮ 205ನ್ನು ಬೆನ್ನಟ್ಟಿದ್ದ ರಾಜಸ್ಥಾನ, ಭುವನೇಶ್ವರ್ ಅವರ ಹದಿನೆಂಟನೆಯ ಓವರಿನಲ್ಲಿ 22 ಬಾಚಿಕೊಂಡು ‘12 ಎಸೆತ, 18 ರನ್’ ಎಂಬಲ್ಲಿಗೆ ಬಂದಿತ್ತು. ಹತ್ತೊಂಬತ್ತನೆಯದಕ್ಕೆ ಹೇಜಲ್‌ವುಡ್. ಆರು ಎಸೆತ, ಒಂದು ರನ್, ಜುರೆಲ್ ಮತ್ತು ಆರ್ಚರ್ ಇಬ್ಬರ ವಿಕೆಟ್. ಟೆಸ್ಟ್ ಪಂದ್ಯದಲ್ಲಿ ಬೆಳಗಿನ ಹೊತ್ತು ಹಾಕುವ ಆ ಲೆಂತನ್ನೇ ಇವರು ಟಿ20ಯಲ್ಲೂ ನಂಬುತ್ತಾರೆ. ಮುಂದೆ ಬಂದು ಹೊಡೆಯಲು ಗಿಡ್ಡ, ಹಿಂದೆ ಸರಿದು ಹೊಡೆಯಲು ಉದ್ದ. ಆರೂಕಾಲು ಅಡಿಗಿಂತ ಎತ್ತರದಿಂದ ಇಳಿದ ಚೆಂಡು ಬ್ಯಾಟಿನ ಮೇಲ್ಭಾಗಕ್ಕೆ ಏರುತ್ತದೆ. ಅದನ್ನು ಎತ್ತಿ ಹೊಡೆಯುವುದೆಂದರೆ ಜೂಜು. ಬ್ಯಾಟಿಂಗಿನಂತೆಯೇ ಬೌಲಿಂಗಿನಲ್ಲೂ ಸೌಂದರ್ಯವಿದೆ ಎಂದು ನಂಬದವರಿಗೆ ಆ ಆರು ಎಸೆತಗಳನ್ನು ನಿಧಾನವಾಗಿ, ಒಂದೊಂದಾಗಿ ತೋರಿಸುವ ಆಸೆ ನನ್ನದು. 11 ರನ್ ಗೆಲುವು. ಹೇಜಲ್‌ವುಡ್ 33ಕ್ಕೆ 4.

ದೆಹಲಿಯಲ್ಲಿ 163ರ ಗುರಿಗೆ 26 ಆಗುವಷ್ಟರಲ್ಲಿ ಮೂವರು ಹೋಗಿದ್ದರು. ಬೌಲಿಂಗಿಗೆಂದು ತಂದ ಕೃಣಾಲ್ 47 ಎಸೆತಗಳಲ್ಲಿ ಅಜೇಯ 73 ಹೊಡೆದು, ಕೊಹ್ಲಿ ಜೊತೆ 119 ಸೇರಿಸಿದರು. ಐಪಿಎಲ್‌ನಲ್ಲಿ ಅವರಿಗೆ 2016ರ ನಂತರ ಇದೇ ಮೊದಲ ಅರ್ಧಶತಕ.

ಬಸವ ಜಯಂತಿ ಮುಗಿದ ಮೂರನೆಯ ದಿನ, ಮೇ 3, ಚೆನ್ನೈ ಮತ್ತೆ ಎದುರಾಯಿತು. ರೊಮಾರಿಯೊ ಶೆಫರ್ಡ್ 14 ಎಸೆತಗಳಲ್ಲಿ ಅಜೇಯ 53 ಹೊಡೆದು 213 ಮಾಡಿಸಿದರು. ಹೇಜಲ್‌ವುಡ್ ಭುಜದ ನೋವಿನಿಂದ ಹೊರಗಿದ್ದರು, ಆ ಕೊರತೆ ಕೂಡಲೇ ಕಂಡಿತು. ಹದಿನೇಳರ ಪೋರ ಆಯುಷ್ ಮ್ಹಾತ್ರೆ 94 ಹೊಡೆದ. ಕೊನೆಯ ಓವರಿಗೆ 15. ಯಶ್ ದಯಾಲ್ ಮೂರನೆಯ ಎಸೆತಕ್ಕೆ ಧೋನಿಯನ್ನು ಎಲ್‌ಬಿಡಬ್ಲ್ಯು ಮಾಡಿದರು. ಮರು ಎಸೆತ ನೋಬಾಲ್, ಅದಕ್ಕೇ ದುಬೆ ಸಿಕ್ಸರ್. ಮೂರು ಎಸೆತಕ್ಕೆ ಆರು ಸಾಕಿತ್ತು. ದಯಾಲ್ ಎದೆ ಒಡೆದುಕೊಳ್ಳಲಿಲ್ಲ. ಒಂದು, ಒಂದು, ಮತ್ತೆ ಒಂದು. ಎರಡು ರನ್ ಗೆಲುವು. 2023ರಲ್ಲಿ ಇದೇ ದಯಾಲ್ ಕೊನೆಯ ಓವರಿನಲ್ಲಿ ರಿಂಕು ಕೈಯಲ್ಲಿ ಸತತ ಐದು ಸಿಕ್ಸರ್ ತಿಂದವರು.

ಆಮೇಲೆ ಭಾರತ–ಪಾಕಿಸ್ತಾನ ಗಡಿಯ ಬಿಸಿ. ಮೇ 9ರಂದು ಟೂರ್ನಿ ನಿಂತಿತು. ಮೇ 12ರಂದು ಕೊಹ್ಲಿ ಟೆಸ್ಟ್ ಆಟಕ್ಕೆ ವಿದಾಯ ಹೇಳಿದರು. 17ರಂದು ಮತ್ತೆ ಶುರುವಾದಾಗ ಚಿನ್ನಸ್ವಾಮಿಯ ತುಂಬ ಜನ ಬಿಳಿ ಅಂಗಿ ತೊಟ್ಟು ಕೂತಿದ್ದರು. ಕೃತ್ತಿಕಾ ಮಳೆ ಒಂದು ಎಸೆತವನ್ನೂ ಬಿಡಲಿಲ್ಲ. ವಹಿಯಲ್ಲಿ ಆ ಪುಟ ಖಾಲಿಯಿದೆ. ದಿನಾಂಕ ಮಾತ್ರ ಬರೆದಿದ್ದೇನೆ.

ಮಳೆಯ ಭಯಕ್ಕೆ ಹೈದರಾಬಾದ್ ಎದುರಿನ ತವರು ಪಂದ್ಯ ಲಖನೌಗೆ ಹೋಯಿತು. ಮೇ 23ರಂದು ಅವರು 231. ನಾವು 3 ವಿಕೆಟ್ಟಿಗೆ 173 ಇದ್ದವರು 189ಕ್ಕೆ ಆಲೌಟ್. ಮೇ 27ರಂದು ಅದೇ ಅಂಗಳದಲ್ಲಿ ಲಖನೌ ತಂಡ 227, ಪಂತ್ ಅಜೇಯ 118. ಕಟ್ಟೆಯ ಮೇಲೆ ಹುಡುಗರಿಗೆ ನಾನು ತೋರಿಸಿದ ಲೆಕ್ಕ ಇದೇ: ಹೇಜಲ್‌ವುಡ್ ಇಲ್ಲದ ಮೂರು ಆಟಗಳಲ್ಲಿ ಎದುರಾಳಿಗಳು ಹೊಡೆದದ್ದು 211, 231, 227.

ಮೇ 27ರ ಎಡಗಡೆಯ ಪುಟಕ್ಕೆ ನಾನೂ ಕೈಮುಗಿಯುತ್ತೇನೆ. ಪಾಟೀದಾರ್ ಬೆರಳಿನ ಗಾಯದಿಂದಾಗಿ ನಾಯಕತ್ವ ಹೊತ್ತಿದ್ದ ಜಿತೇಶ್ ಶರ್ಮ 33 ಎಸೆತಗಳಲ್ಲಿ ಅಜೇಯ 85 ಹೊಡೆದರು. ಅವರ ಜೊತೆ ನಿಂತವರು ನಮ್ಮ ಮಯಂಕ್ ಅಗರವಾಲ್, ಅಜೇಯ 41. ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದ ಮಯಂಕ್, ಪಡಿಕ್ಕಲ್ ಗಾಯಗೊಂಡ ಮೇಲೆ ಕರೆ ಬಂದು ಸೇರಿದವರು. 107ರ ಮುರಿಯದ ಜೊತೆಯಾಟ, 18.4 ಓವರಿನಲ್ಲಿ 230. ತಂಡ ಎರಡನೆಯ ಸ್ಥಾನಕ್ಕೇರಿತು. ಲೀಗಿನಲ್ಲಿ ಹೊರಗಿನ ಏಳಕ್ಕೆ ಏಳೂ ಗೆಲುವು. ಐಪಿಎಲ್‌ನಲ್ಲಿ ಇದನ್ನು ಮಾಡಿದ ಮೊದಲ ತಂಡ ಇದು. ಕನ್ನಡದ ಹುಡುಗರಿಗೆ ಈ ತಂಡದಲ್ಲಿ ಜಾಗ ಇನ್ನೂ ಕಡಿಮೆ ಎಂಬ ಕೊರಗು ನನಗಿದೆ. ರಾಯಚೂರಿನ ಮನೋಜ್ ಭಾಂಡಗೆ ಹೆಚ್ಚಿನ ದಿನ ಹೊರಗೇ ಕೂತರು. ಮಯಂಕ್ ಆಟ ನೋಡಿದ ಮೇಲೆ ಆ ಕೊರಗು ಇನ್ನೂ ಹೆಚ್ಚಿತು.

ಮೇ 29, ಮುಲ್ಲಾನ್‌ಪುರ, ಮೊದಲ ಕ್ವಾಲಿಫೈಯರ್. ಹೇಜಲ್‌ವುಡ್ ಮರಳಿದರು. ಪಂಜಾಬ್ 14.1 ಓವರಿಗೆ 101. ಹೇಜಲ್‌ವುಡ್‌ಗೆ 21ಕ್ಕೆ 3, ಸುಯಶ್‌ಗೆ 17ಕ್ಕೆ 3. ಹತ್ತೇ ಓವರಿಗೆ ಆಟ ಮುಗಿಯಿತು. 211, 231, 227, ಆಮೇಲೆ 101. ಬಲಗಡೆಯ ಪುಟ ಓದಲು ಬಾರದವನಿಗೂ ಈ ನಾಲ್ಕು ಅಂಕಿ ಸಾಕು.

ಜೂನ್ 3, ಅಹಮದಾಬಾದ್. ನಮ್ಮಲ್ಲಿ ರೋಹಿಣಿ ಮಳೆಯ ಮೋಡ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಅರ್ಶದೀಪ್ ಕೊನೆಯ ಓವರಿನಲ್ಲಿ ಮೂರು ರನ್ ಕೊಟ್ಟು ಮೂರು ವಿಕೆಟ್ ಕಿತ್ತು ನಮ್ಮನ್ನು 190ಕ್ಕೆ ನಿಲ್ಲಿಸಿದಾಗ ಓಣಿಯೇ ಮೌನವಾಯಿತು. ನಾನು ಮಾತ್ರ ಸಾಕು ಅಂದೆ. ಬಿರುಸಾಗಿ ಎಸೆಯುವ ಕೃಣಾಲ್ ಅಂದು ವೇಗ ತಗ್ಗಿಸಿದರು. ಬ್ಯಾಟ್ಸ್‌ಮನ್ ತಾನೇ ಬಲ ಹಾಕಿ ಹೊಡೆಯಬೇಕಾಯಿತು. ಪ್ರಭ್‌ಸಿಮ್ರನ್, ಇಂಗ್ಲಿಸ್ ಇಬ್ಬರೂ ಅದಕ್ಕೇ ಬಲಿ. ನಾಲ್ಕು ಓವರ್, 17 ರನ್, 2 ವಿಕೆಟ್, ಫೈನಲ್ಲಿನ ಪಂದ್ಯಶ್ರೇಷ್ಠ. ಶ್ರೇಯಸ್ ಅಯ್ಯರ್ ಒಂದೇ ರನ್ನಿಗೆ ಶೆಫರ್ಡ್ ಪಾಲಾದರು. ಹದಿನೇಳನೆಯ ಓವರಿನಲ್ಲಿ ಭುವನೇಶ್ವರ್ ಇಬ್ಬರನ್ನು ಕಳಿಸಿದರು. ಕೊನೆಯ ಓವರಿಗೆ 29. ಹೇಜಲ್‌ವುಡ್ ಮೊದಲ ಎರಡು ಎಸೆತಕ್ಕೆ ರನ್ನೇ ಕೊಡಲಿಲ್ಲ. ಬೌಂಡರಿ ಗೆರೆಯ ಹತ್ತಿರ ಕೊಹ್ಲಿಯ ಕಣ್ಣುಗಳು ತುಂಬಿದ್ದವು. ಶಶಾಂಕ್ ಸಿಂಗ್ ಆಮೇಲೆ 22 ಬಾರಿಸಿ 61ರೊಂದಿಗೆ ಅಜೇಯರಾಗಿ ಉಳಿದರು. 184. ಗೆಲುವಿನ ಅಂತರ 6 ರನ್, 2009ರಲ್ಲಿ ಸೋತ ಅದೇ ಆರು.

ಕೊಹ್ಲಿಯ 657 ರನ್, ಎಂಟು ಅರ್ಧಶತಕ ಎಡಗಡೆ ಇವೆ; ಆ ಎಂಟೂ ದಿನ ತಂಡ ಗೆದ್ದಿದೆ. ಬಲಗಡೆ, 12 ಪಂದ್ಯಗಳಲ್ಲಿ ಹೇಜಲ್‌ವುಡ್‌ಗೆ 22 ವಿಕೆಟ್, ಕೃಣಾಲ್ ಮತ್ತು ಭುವನೇಶ್ವರ್‌ಗೆ ತಲಾ 17. ಒಂಬತ್ತು ಮಂದಿ ಬೇರೆ ಬೇರೆ ಆಟಗಾರರು ಪಂದ್ಯಶ್ರೇಷ್ಠರಾದರು.

ಸಾವಳಗಿಯಿಂದ ಬೆಂಗಳೂರು 500 ಕಿ.ಮೀ.ಗೂ ದೂರ. ಚಿನ್ನಸ್ವಾಮಿಯನ್ನು ಒಳಗಿನಿಂದ ನೋಡದವರೇ ನಮ್ಮಲ್ಲಿ ಹೆಚ್ಚು. ಜೂನ್ 4ರಂದು, ತಂಡದ ವಿಜಯೋತ್ಸವದ ದಿನ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗ ಮಧ್ಯಾಹ್ನ ಫೋನ್ ಮಾಡಿ, ‘ಕಾಕಾ, ಕಪ್ ನೋಡಾಕ ಹೊಂಟೇನಿ, ನಿಮ್ಮ ಪರವಾಗಿನೂ ನೋಡ್ಕೊಂಡ ಬರ್ತೀನಿ’ ಅಂದ. ಸಂಜೆ ಕ್ರೀಡಾಂಗಣದ ಗೇಟುಗಳ ಮುಂದೆ ನೂಕುನುಗ್ಗಲಾಗಿ 11 ಮಂದಿ ಸತ್ತರು, ಹೆಚ್ಚಿನವರು ಎಳೆಯರು. ಅವನ ಫೋನ್ ಹತ್ತದೆ ಮೂರು ತಾಸು ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆವು. ಅವನು ಮೆಟ್ರೊ ಹತ್ತಲಾಗದೆ ಅರ್ಧ ದಾರಿಯಿಂದಲೇ ಮರಳಿದ್ದ.

ಫೈನಲ್ಲಿನ ಮುಂದಿನ ಪುಟದಲ್ಲಿ ಕಪ್ಪಿನ ಬಗ್ಗೆ ನಾಲ್ಕು ಸಾಲು ಬರೆಯಬೇಕೆಂದಿದ್ದೆ. ಅಲ್ಲಿ ಈಗ ದಿನಾಂಕ ಇದೆ, ಅದರ ಕೆಳಗೆ 11 ಎಂಬ ಅಂಕಿ ಇದೆ.