ಎದುರಾಳಿ ಇದ್ದರೇ ಜಟ್ಟಿ

ವಿಜಯದಶಮಿಯಂದು ಮೈಸೂರಿಗೆ ಹೋದವರ ಕಣ್ಣೆಲ್ಲ ಅಂಬಾರಿಯ ಮೇಲೆ. ಆನೆ ಹೊರಡುವುದಕ್ಕೆ ಎಷ್ಟೋ ಮೊದಲೇ, ಬೆಳಗಿನ ಹೊತ್ತು, ಅರಮನೆಯ ಒಳತೊಟ್ಟಿಯಲ್ಲಿ ಹದ ಮಾಡಿದ ಮಣ್ಣಿಗೆ ಎರಡು ಜೋಡಿ ಜಟ್ಟಿಗಳು ಇಳಿದಿರುತ್ತಾರೆ. ಬೋಳಿಸಿದ ತಲೆ, ನೆತ್ತಿಯಲ್ಲೊಂದು ಸಣ್ಣ ಜುಟ್ಟು, ಬಿಗಿದ ಚಡ್ಡಿ, ಬಲಗೈಯಲ್ಲಿ ವಜ್ರನಖವೆಂಬ ಮೊನಚು ಆಯುಧ. ಒಬ್ಬನ ತಲೆಯಲ್ಲಿ ನೆತ್ತರು ಕಂಡಿತೋ, ಉಸ್ತಾದರು ನಡುವೆ ನುಗ್ಗಿ ಬಿಡಿಸುತ್ತಾರೆ. ಅಲ್ಲಿಗೆ ವಜ್ರಮುಷ್ಟಿ ಕಾಳಗ ಮುಗಿಯಿತು. ಎಷ್ಟೋ ವರ್ಷ ಒಂದು ನಿಮಿಷವೂ ಹಿಡಿಯುವುದಿಲ್ಲ. ಆಮೇಲೆ ರಾಜವಂಶಸ್ಥರ ಸವಾರಿ ಬನ್ನಿ ಪೂಜೆಗೆ ಹೊರಡುತ್ತದೆ.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂದಾಗ ನಾನು ಮೊದಲು ಓದುವುದು ಜಟ್ಟಿಗಳ ಊರು. ಮೈಸೂರು, ಚಾಮರಾಜನಗರ, ಬೆಂಗಳೂರು, ಚನ್ನಪಟ್ಟಣ. ಈ ಕಾಳಗಕ್ಕೆ ಆಳು ಕೊಡುತ್ತಾ ಬಂದಿರುವ ಊರುಗಳು ಇವು. ಹಾರೋಹಳ್ಳಿಯಲ್ಲಿ ಕೂತವನಿಗೆ ಚನ್ನಪಟ್ಟಣ ದೂರದ್ದಲ್ಲ, ರಾಮನಗರ ದಾಟಿದರೆ ಅದೇ. ಬೊಂಬೆ ಮಾಡುವ ಊರು ಎಂದು ಅದಕ್ಕೆ ಲೋಕದಲ್ಲೆಲ್ಲ ಹೆಸರಿದೆ. ಜಟ್ಟಿಗಳ ಊರು ಎಂದು ನಮ್ಮ ಜಿಲ್ಲೆಯವರಿಗೇ ಸರಿಯಾಗಿ ಗೊತ್ತಿಲ್ಲ. ಆ ಹೆಸರನ್ನೂ ಹೇಳಿಕೊಳ್ಳಬೇಕು ಎನ್ನುವುದು ನನ್ನ ಹಟ. ಅದಕ್ಕೆ ಈ ವಾರ ಕುಸ್ತಿಯ ಮಾತು ಬದಿಗಿಟ್ಟು ಇದನ್ನೇ ಎತ್ತಿಕೊಂಡಿದ್ದೇನೆ.

ಮೊದಲು ಕಾಳಗವನ್ನು ನೋಡುವ ಬಗೆ ಹೇಳುತ್ತೇನೆ. ಟಿವಿಯಲ್ಲಿ ನೋಡುವವರು ಬಲಗೈಯನ್ನೇ ದಿಟ್ಟಿಸುತ್ತಾರೆ, ವಜ್ರನಖ ಇರುವುದು ಅಲ್ಲಿ ತಾನೇ ಎಂದು. ಮುಂದಿನ ಸಲ ಎಡಗೈ ನೋಡಿ. ಅದು ಬರಿಗೈ. ಬೆರಳು ಬಿಡಿಸಿಕೊಂಡು ಎದುರಾಳಿಯ ಬಲ ಮಣಿಕಟ್ಟನ್ನು ಹುಡುಕುತ್ತಿರುತ್ತದೆ. ಮಣಿಕಟ್ಟು ಸಿಕ್ಕಿತೆಂದರೆ ಅವನ ಆಯುಧ ಇದ್ದೂ ಇಲ್ಲದ ಹಾಗೆ. ಇಬ್ಬರದೂ ಅದೇ ಲೆಕ್ಕ. ಸೊಂಟ ಬಗ್ಗಿಸಿ, ತಲೆ ಆದಷ್ಟು ದೂರ ಇಟ್ಟುಕೊಂಡು, ಪಾದ ಮೇಲೆತ್ತದೆ ಮಣ್ಣಿನಲ್ಲೇ ಸರಿಸುತ್ತಾ ಹತ್ತಿರವಾಗುತ್ತಾರೆ. ಒಬ್ಬನ ಹಿಡಿತ ತುಸು ಸಡಿಲವಾದರೂ ಏಟು ಮೇಲಿನಿಂದ ನೆತ್ತಿಗೆ ಬೀಳುತ್ತದೆ. ಹೊಡೆಯುವ ತೋಳು ಎಷ್ಟು ಗಟ್ಟಿಯಿದ್ದರೂ ತಡೆಯುವ ಕೈ ಕಲಿತಿರದಿದ್ದರೆ ಜಟ್ಟಿ ನಿಲ್ಲಲಾರ. ಈ ತಡೆಯನ್ನು ಗೋಡೆಯ ಮುಂದೆ ನಿಂತು ಕಲಿಯಲು ಬರುವುದಿಲ್ಲ, ಮರದ ಮಲ್ಲಕಂಬದ ಮೇಲೂ ಬರುವುದಿಲ್ಲ. ಎದುರಿಗೆ ಇನ್ನೊಂದು ದೇಹ ಬೇಕು. ಅದೂ ನಮ್ಮ ಪಟ್ಟುಗಳೆಲ್ಲ ಬಾಯಿಪಾಠವಾಗಿರುವ ಮನೆಯ ತಮ್ಮನದಲ್ಲ, ಬೇರೊಂದು ಗರಡಿಯವನದು.

ಹಳೆಯ ದಾಖಲೆಗಳಲ್ಲೂ ಇದೇ ಕಾಣುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ ಜಟ್ಟಿಗಳ ಕಾಳಗ ಕಂಡವನು. ಅವನ ಪುಸ್ತಕ ಅಚ್ಚಾದದ್ದು 1824ರಲ್ಲಿ. ಗುರುಗಳನ್ನು ಮುಂದಿಟ್ಟುಕೊಂಡು ಜಟ್ಟಿಗಳು ಬರುತ್ತಿದ್ದರು, ನೆಲ ಮುಟ್ಟಿ ಸಲಾಂ ಮಾಡುತ್ತಿದ್ದರು, ಬಳಿಕ ಒಂದು ಗರಡಿಯವರಿಗೆ ಇನ್ನೊಂದು ಗರಡಿಯವರನ್ನು ಜೋಡಿ ಮಾಡುತ್ತಿದ್ದರು ಎಂದು ಬರೆದಿದ್ದಾನೆ. ಅವನು ಕಂಡದ್ದು ಉಕ್ಕಿನ ನಖ. ಅವನ ನಂತರ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ಇತಿಹಾಸದಲ್ಲಿ ಆಯುಧವನ್ನು ಇಂಚಿಂಚೂ ವರ್ಣಿಸುತ್ತಾನೆ. ಎಮ್ಮೆ ಕೊಂಬಿನದು, ಕೈಗೆ ಹೊಂದುವಂತೆ ಕೊರೆದದ್ದು. ಬೆರಳ ಗೆಣ್ಣುಗಳ ಮೇಲೆ ನಾಲ್ಕು ಮೊನೆ, ಕಿರುಬೆರಳ ಬದಿಗೆ ಅಡ್ಡವಾಗಿ ಚಾಚಿದ ಐದನೆಯದೊಂದು. ಆ ಐದನೆಯ ಮೊನೆ ನನಗೆ ಬಹಳ ಮುಖ್ಯ. ಗುದ್ದುವುದಕ್ಕಾದರೆ ಗೆಣ್ಣಿನ ನಾಲ್ಕು ಸಾಕು. ಕಿರುಬೆರಳ ಬದಿಯ ಮೊನೆ ಕೆಲಸಕ್ಕೆ ಬರುವುದು ಮುಷ್ಟಿಯನ್ನು ಸುತ್ತಿಗೆಯಂತೆ ಮೇಲಿನಿಂದ ಇಳಿಸಿದಾಗ. ಇಂದಿಗೂ ಅರಮನೆಯ ತೊಟ್ಟಿಯಲ್ಲಿ ಏಟು ಬೀಳುವುದು ನೆತ್ತಿಯ ಮೇಲೇ. ಇನ್ನೂರು ವರ್ಷದ ಹಿಂದಿನ ಬರಹವನ್ನು ಕೈಯಲ್ಲಿ ಹಿಡಿದು ಇವತ್ತಿನ ಏಟನ್ನು ಓದಬಹುದಾದ ಆಟಗಳು ನಮ್ಮಲ್ಲಿ ಎಷ್ಟಿವೆ?

ಇನ್ನೂ ಹಿಂದಕ್ಕೆ ಹೋಗಬಹುದು. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪಯಸ್, ಇಲ್ಲಿನ ಮಲ್ಲಯುದ್ಧ ತಮ್ಮ ದೇಶದ್ದರಂತಲ್ಲ, ಹಲ್ಲು ಮುರಿಯುವ, ಮುಖ ಕೆಡಿಸುವ ಏಟುಗಳು ಅದರಲ್ಲಿವೆ ಎಂದು ಬೆರಗಾಗಿದ್ದಾನೆ. ಅದಕ್ಕೂ ನಾಲ್ಕು ಶತಮಾನ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಅಧ್ಯಾಯ ಕೊಟ್ಟ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವಿಂಗಡಿಸುವುದು ಹೇಗೆ, ಅವರು ಯಾವ ಸಾಧನೆ ಮಾಡಬೇಕು, ಏನು ಉಣ್ಣಬೇಕು ಎಂಬುದೆಲ್ಲ ಅಲ್ಲಿದೆ. ಬೇಳೆಕಾಳು, ಮಾಂಸ, ಹಾಲು, ಸಿಹಿ ಎಲ್ಲವನ್ನೂ ಒದಗಿಸುವ ಹೊಣೆ ಅರಸನದು. ವಿಂಗಡಣೆ ಏಕೆ? ಸರಿಸಮನಾದ ಜೋಡಿ ಕಟ್ಟುವುದಕ್ಕೆ. ಊಟ ಏಕೆ? ಆ ಜೋಡಿ ವರ್ಷವಿಡೀ ಮಣ್ಣಿನಲ್ಲಿ ಇರಲಿ ಎಂದು.

ಅರಸರ ಆ ಆಸರೆಯ ಕಾಲವೂ ಮುಗಿಯಿತು. 1971ರಲ್ಲಿ ರಾಜಧನ ರದ್ದಾಯಿತು. ದಸರಾ ಮೆರವಣಿಗೆ ಸರ್ಕಾರದ ನಾಡಹಬ್ಬವಾಯಿತು, ಕುಸ್ತಿ ಕ್ರೀಡೆಯ ಲೆಕ್ಕಕ್ಕೆ ಸೇರಿತು. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕಿಶೋರ, ಹುಡುಗಿಯರಿಗೆ ದಸರಾ ಕಿಶೋರಿ ಎಂದು ಬಿರುದುಗಳಿವೆ. ಕುಸ್ತಿಗೆ ಸಂಘವಿದೆ, ಮ್ಯಾಟ್ ಇದೆ, ಪಾಯಿಂಟ್ ಇದೆ, ಗೆದ್ದವನಿಗೆ ಪೊಲೀಸ್, ರೈಲ್ವೆ ಕೆಲಸದ ಆಸೆಯೂ ಇದೆ. ವಜ್ರಮುಷ್ಟಿ ಮಾತ್ರ ಅರಮನೆಯ ಖಾಸಗಿ ದಸರೆಯಲ್ಲಿ ಉಳಿಯಿತು, ವರ್ಷಕ್ಕೆ ಒಂದೇ ಬೆಳಗ್ಗೆ, ಜಟ್ಟಿ ಮನೆತನಗಳವರಿಗಷ್ಟೇ. ಹಾಗೆ ಉಳಿದದ್ದು ದೊಡ್ಡದು. ಒಂದು ನಿಮಿಷದ ಆ ಕಾಳಗಕ್ಕಾಗಿ ವರ್ಷವಿಡೀ ಮೈ ಕಾಯ್ದುಕೊಳ್ಳುವ ಮನೆಗಳಿಗೆ ನನ್ನ ನಮಸ್ಕಾರ.

ಆಟ ಹಳೆಯದಾದಾಗ ಅದರ ಸುತ್ತಲಿನ ಮಂದಿ ಏನು ಮಾಡುತ್ತಾರೆ ಎಂಬುದಕ್ಕೆ ತೀರ ಬೇರೆ ಲೋಕದ ಒಂದು ಉದಾಹರಣೆ ಕೊಡುತ್ತೇನೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1999ರಲ್ಲಿ ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’ ಎಂಬ ಕಾದಾಟದ ವಿಡಿಯೊ ಗೇಮ್ ತಂದಿತು. ಕಂಪನಿ ಹೊಸ ಆಟಗಳ ಕಡೆ ಹೊರಳಿತು, ಆಡುವವರು ಅದನ್ನು ಬಿಡಲಿಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದ ಈವೊ ಪಂದ್ಯಾವಳಿಯಲ್ಲಿ ಜಪಾನಿನ ದೈಗೊ ಉಮೆಹಾರ, ಇನ್ನೊಂದೇ ಏಟು ಬಿದ್ದರೂ ಸೋಲು ಎನ್ನುವ ಸ್ಥಿತಿಯಲ್ಲಿ, ಅಮೆರಿಕದ ಜಸ್ಟಿನ್ ವಾಂಗ್ ಸರಣಿಯಾಗಿ ಸುರಿಸಿದ ಏಟುಗಳನ್ನು ಒಂದೂ ಬಿಡದೆ ತಡೆದು, ತಿರುಗಿಸಿ ಹೊಡೆದು ಗೆದ್ದ. ಆ ವಿಡಿಯೊವನ್ನು ಲೋಕವೆಲ್ಲ ದೈಗೊನ ಹೆಸರಿನಲ್ಲಿ ನೋಡುತ್ತದೆ. ನಾನು ವಾಂಗ್‌ನನ್ನೂ ನೆನೆಯುತ್ತೇನೆ. ಅಷ್ಟು ಬಿರುಸಿನಿಂದ ಹೊಡೆಯುವವನು ಎದುರಿಗೆ ಕೂರದಿದ್ದರೆ ಆ ತಡೆ ಹುಟ್ಟುತ್ತಲೇ ಇರಲಿಲ್ಲ. ಆ ಹಳೆಯ ಆಟವನ್ನು ಇವತ್ತಿಗೂ ಆಡುವವರು ಊರೂರಿನಲ್ಲಿ ಎದುರಾಳಿಗಳನ್ನು ಹುಡುಕಿಕೊಂಡರು, ದೂರದವರೊಡನೆ ಇಂಟರ್ನೆಟ್ಟಿನಲ್ಲಿ ಆಡುವ ದಾರಿಯನ್ನೂ ತಾವೇ ಮಾಡಿಕೊಂಡರು.

ಜಟ್ಟಿಗಳಿಗೆ ಆ ಇಂಟರ್ನೆಟ್ಟಿನ ದಾರಿ ಇಲ್ಲ. ಮೈಗೆ ಮೈ ತಾಗಲೇಬೇಕು. ಆದ್ದರಿಂದಲೇ ಚನ್ನಪಟ್ಟಣದ ಮಾತು ಎತ್ತಿದ್ದು. ವಿಜಯದಶಮಿಗೆ ಮುಂಚೆಯೇ ಹಿರಿಯರು ಸೇರಿ ಜೋಡಿ ಕಟ್ಟುತ್ತಾರೆ, ಒಂದೂರಿನವನಿಗೆ ಇನ್ನೊಂದೂರಿನವನು. ನಾಲ್ಕೂರಲ್ಲಿ ಒಂದು ಊರು ಆಳು ಕಳಿಸದಿದ್ದರೆ ಕಳೆದುಹೋಗುವುದು ಒಬ್ಬ ಜಟ್ಟಿಯಲ್ಲ, ಒಂದು ಜೋಡಿ. ಚನ್ನಪಟ್ಟಣದ ಗರಡಿ ಬಡವಾದರೆ ಬೆಂಗಳೂರಿನವನಿಗೋ ಮೈಸೂರಿನವನಿಗೋ ಎದುರಾಳಿ ಇಲ್ಲ. ಅರಮನೆಗೆ ಹತ್ತಿರದ ಊರು ಮೈಸೂರಾದರೂ, ಕಾಳಗ ಉಳಿಯುವುದು ದೂರದ ಊರುಗಳ ಕೈಯಲ್ಲಿದೆ.

ಗರಡಿ ಬಡವಾಗುವುದು ಹೇಗೆ ಎಂಬುದನ್ನು ಮಟ್ಟಿಯೇ, ಅಂದರೆ ಅಲ್ಲಿನ ಮಣ್ಣೇ, ಹೇಳುತ್ತದೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಸೇರಿಸಿ ಹದಕ್ಕೆ ತಂದಿರುತ್ತಾರೆ. ದಿನವೂ ಸಲಿಕೆ ಹಾಕಿ ಮಗುಚಿ, ನೀರು ಚಿಮುಕಿಸಿ, ಮೇಲೆ ಹೊರಳಾಡಿದರೆ ಅದು ಅಂಗೈಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು, ಬಿಟ್ಟರೆ ಉದುರುವಷ್ಟು ಮೆತ್ತಗಿರುತ್ತದೆ. ಕೆಲವು ದಿನ ಬಿಟ್ಟು ನೋಡಿ. ಮೇಲೊಂದು ಪದರ ಹೆಪ್ಪುಗಟ್ಟಿ, ಬಿರುಕು ಬಿಟ್ಟು, ಬಿದ್ದವನ ಮೊಣಕೈ ತರಚುವಷ್ಟು ಗಟ್ಟಿಯಾಗುತ್ತದೆ. ಗೋಡೆಗೆ ಒರಗಿಸಿದ ಗದೆ, ಲೋಡುಗಳು ಎಷ್ಟು ವರ್ಷವಾದರೂ ಹಾಗೇ ಇರುತ್ತವೆ, ಅವನ್ನು ನೋಡಿ ಗರಡಿ ಚೆನ್ನಾಗಿದೆ ಎನ್ನಬೇಡಿ. ಮಣ್ಣಿಗೆ ಕೈ ಹಾಕಿ ನೋಡಿ.

ರಕ್ತ ಹರಿಸುವ ಈ ಆಚರಣೆ ಇನ್ನೂ ಬೇಕೇ ಎಂದು ಕೇಳುವವರಿದ್ದಾರೆ. ಬೇಕು ಎನ್ನುತ್ತೇನೆ. ಕಂಡ ಮೊದಲ ಹನಿಗೆ ನಿಲ್ಲಿಸುವ ಕಟ್ಟಳೆಯೇ ಇದರ ಜೀವಾಳ. ಬಾಕ್ಸಿಂಗ್ ರಿಂಗಿನಲ್ಲಿ ಸುತ್ತುಗಟ್ಟಲೆ ತಲೆಗೆ ಗುದ್ದಿಸಿಕೊಳ್ಳುವವನಿಗಿಂತ ಇಲ್ಲಿನ ಜಟ್ಟಿಗೆ ರಕ್ಷಣೆ ಹೆಚ್ಚು, ಬಿಡಿಸುವ ಉಸ್ತಾದರ ಕಣ್ಣು ಚುರುಕಾಗಿದ್ದರೆ. ಎಲ್ಲರಿಗೂ ತೆರೆಯಿರಿ ಎನ್ನುವವರೂ ಇದ್ದಾರೆ. ವಿಜಯದಶಮಿಯ ಆ ಬೆಳಗು ಜಟ್ಟಿ ಮನೆತನಗಳದು. ಅದನ್ನು ಯಾರಿಗೆ ಕೊಡಬೇಕು, ಬಿಡಬೇಕು ಎಂಬುದು ಅವರ ತೀರ್ಮಾನ. ಗರಡಿಯ ಮಾತು ಬೇರೆ. ಮೈಸೂರಿನ ಗರಡಿಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಹುಡುಗರು ಒಂದೇ ಮಟ್ಟಿಯಲ್ಲಿ ಹೊರಳಿದ್ದಾರೆ. ಮಣಿಕಟ್ಟು ಹಿಡಿಯುವುದು, ಬಿಡಿಸಿಕೊಳ್ಳುವುದು ಕುಸ್ತಿಯಲ್ಲೂ ಇದೆ. ನಮ್ಮ ಕಡೆಯ ಯಾವ ಮನೆಯ ಹುಡುಗನಾದರೂ ಸರಿ, ಚನ್ನಪಟ್ಟಣದ ಜಟ್ಟಿಗೆ ವರ್ಷವಿಡೀ ಎದುರು ನಿಂತು ಅಭ್ಯಾಸ ಕೊಡಬಹುದು.

ಹುಡುಗರಿಗೆ ಬರವಿಲ್ಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಗೇಟುಗಳ ಮುಂದೆ ಬೆಳಗಿನ ಶಿಫ್ಟ್ ಬದಲಾಗುವಾಗ ನಿಂತು ನೋಡಿ. ಕನಕಪುರ, ಮಾಗಡಿ, ರಾಮನಗರ ಕಡೆಯ ಎಷ್ಟು ಗಟ್ಟಿ ಮೈಯ ಹುಡುಗರು! ಜಿಮ್ಮಿಗೆ ದುಡ್ಡು ಕಟ್ಟುತ್ತಾರೆ, ತೋಳು ಬೆಳೆಸುತ್ತಾರೆ. ಆದರೆ ಗರಡಿಯ ಹೊತ್ತು ನಸುಕು, ರಾತ್ರಿ ಪಾಳಿಯವನು ಫ್ಯಾಕ್ಟರಿಯಿಂದ ಹೊರಬೀಳುವುದೂ ಅದೇ ಹೊತ್ತಿಗೆ. ನಿದ್ದೆಗೆಟ್ಟ ಮೈಯಲ್ಲಿ ಬಸ್ಕಿ, ದಂಡ ಹೊಡೆದರೆ ಏಟು ತಗಲುವುದು ಖಂಡಿತ. ಇನ್ನು ಜಟ್ಟಿ ಮನೆಯ ಹುಡುಗನದು ಇನ್ನೊಂದು ಪಾಡು. ದಸರೆಗೆ ಮುಂಚೆ ಮೈ ಹದಕ್ಕೆ ಬರಬೇಕು, ವ್ರತ ಹಿಡಿಯಬೇಕು. ಹಬ್ಬ ಮುಗಿದು ಬೋಳು ತಲೆ, ನೆತ್ತಿಯಲ್ಲಿ ಗಾಯ ಹೊತ್ತು ಕೆಲಸಕ್ಕೆ ಹೋದರೆ ಸೂಪರ್‌ವೈಸರ್ ಮುಖ ನೋಡಬೇಕು.

ಇದಕ್ಕೆ ಅರಸನ ಭಂಡಾರ ಬೇಡ. ಉಸ್ತಾದರು ಸಂಜೆ ಹೊತ್ತಿಗೂ ಒಂದು ಬಾರಿ ಮಟ್ಟಿ ತೆರೆಯಲಿ. ನಮ್ಮ ಫ್ಯಾಕ್ಟರಿಗಳ ಎಚ್‌ಆರ್ ವಿಭಾಗದವರು ಆಯುಧಪೂಜೆಗೆ ಮೆಷಿನ್‌ಗಳಿಗೆ ಹೂವು ಹಾಕಿಸುವ ಮುನ್ನ ಒಮ್ಮೆ ವಿಚಾರಿಸಲಿ, ತಮ್ಮಲ್ಲಿ ಗರಡಿಯ ಹುಡುಗರು ಯಾರಿದ್ದಾರೆ ಎಂದು. ಅಂಥವನೊಬ್ಬ ಸಿಕ್ಕರೆ ದಸರೆಯ ಹಿಂದಿನ ತಿಂಗಳು ಅವನಿಗೆ ರಾತ್ರಿ ಪಾಳಿ ತಪ್ಪಿಸಿ ಜನರಲ್ ಶಿಫ್ಟ್ ಹಾಕಿಕೊಡಲಿ. ಜಟ್ಟಿಯಾದರೆ ವಿಜಯದಶಮಿಯ ಮರುದಿನವೂ ರಜೆ ಕೊಡಲಿ. ಗಾಯ ಆರುವುದಕ್ಕೆ ಅಷ್ಟಾದರೂ ಬೇಕು.