ಇಪ್ಪತ್ತರ ವೇಗಕ್ಕೆ ತಕ್ಕ ಬೈಕು

ಬೈಕು ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಸಿ.ಸಿ., ಎಷ್ಟು ಮೈಲೇಜು ಎಂದು. ಮಲ್ಲೇಶ್ವರದವರು ಅದಕ್ಕೂ ಮೊದಲು ಕೇಳಬೇಕಾದ್ದೊಂದಿದೆ: ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ ಈ ಗಾಡಿ ಮೈಗೆ ಹಿತವೇ? ಟಾಮ್‌ಟಾಮ್ ಸಂಸ್ಥೆಯ 2023ರ ವಾಹನ ಸಂಚಾರದ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಾಗಿತ್ತು. ಗಂಟೆಗೆ 21 ಕಿ.ಮೀ. ಚಿಲ್ಲರೆ. ಸಂದಿಯಲ್ಲಿ ನುಸುಳುವ ಬೈಕು ಕಾರಿಗಿಂತ ಬೇಗ ಮುಟ್ಟೀತು, ನಿಜ. ಆದರೂ ಸಂಪಿಗೆ ರಸ್ತೆಯ ಸಂತೆ, ಸಾಲು ಸಾಲು ಕ್ರಾಸುಗಳು, ಹಂಪುಗಳ ನಡುವೆ ಅದರ ಆಯುಷ್ಯವೆಲ್ಲ ಎರಡನೇ, ಮೂರನೇ ಗೇರಿನಲ್ಲೇ ಸವೆಯುತ್ತದೆ. ಸುಖವನ್ನು ಅಳೆಯಬೇಕಾದ್ದೂ ಅಲ್ಲಿಯೇ.

ಆ ವೇಗದಲ್ಲಿ ಸುಖವನ್ನು ತೀರ್ಮಾನಿಸುವುದು ಹ್ಯಾಂಡಲ್, ಸೀಟು, ಫುಟ್‌ರೆಸ್ಟ್‌ಗಳು ಒಂದಕ್ಕೊಂದು ಎಲ್ಲಿವೆ ಎಂಬುದು. ಮುಂದಕ್ಕೆ ಬಾಗಿಸಿ ಕೂರಿಸುವ ಸ್ಪೋರ್ಟ್ಸ್ ಬೈಕಿಗೆ ಅದರದೇ ತರ್ಕವಿದೆ: ನೂರರ ವೇಗದಲ್ಲಿ ಎದುರುಗಾಳಿ ಎದೆಯನ್ನು ಎತ್ತಿಹಿಡಿದು ಮುಂಗೈಯ ಭಾರ ಇಳಿಸುತ್ತದೆ. ಇಪ್ಪತ್ತರಲ್ಲಿ ಆ ಗಾಳಿಯಿಲ್ಲ, ಭಾರವೆಲ್ಲ ಮಣಿಕಟ್ಟಿಗೆ. ಕಾಲು ಮುಂದೆ ಚಾಚಿಸುವ ಕ್ರೂಸರಿನಲ್ಲಿ ತೊಂದರೆ ಬೇರೆ ಬಗೆಯದು. ಪಾದ ಮೈಯ ಕೆಳಗಿಲ್ಲದಾಗ ಹಂಪು ಬಂದರೆ ಎದ್ದು ನಿಲ್ಲಲಾಗದು, ಪೆಟ್ಟು ನೇರ ಬೆನ್ನುಮೂಳೆಗೆ. ಬೆನ್ನು ನೆಟ್ಟಗಿಟ್ಟು, ಪಾದವನ್ನು ಹೆಚ್ಚುಕಡಿಮೆ ಸೊಂಟದ ಕೆಳಗೇ ಊರಿಸುವ ಸಾಮಾನ್ಯ ಬೈಕಿನಲ್ಲಿ ಮಾತ್ರ ಸವಾರನ ಮೊಣಕಾಲುಗಳೂ ಸಸ್ಪೆನ್ಷನ್ನಿನ ಕೆಲಸ ಮಾಡುತ್ತವೆ.

ಎರಡನೆಯದು ತೂಕ. ಹೀರೋ ಸ್ಪ್ಲೆಂಡರ್ ಸುಮಾರು 112 ಕೆ.ಜಿ., ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕೆ.ಜಿ. ನಡುವಿನ ವ್ಯತ್ಯಾಸ, ಸದಾ ಹಿಂದೆ ಒಬ್ಬ ಆಳು ಕೂತಷ್ಟು. ಭಾರದ ಗಾಡಿ ಗುಂಡಿಯನ್ನು ನುಂಗಿಕೊಂಡು ಹೋಗುತ್ತದೆ ಎಂಬ ವಾದ ತುಮಕೂರು ರಸ್ತೆಯಲ್ಲಿ ನಿಲ್ಲುತ್ತದೆ. ಒತ್ತೊತ್ತಾಗಿ ನಿಲ್ಲಿಸಿದ ಗಾಡಿಗಳ ನಡುವಿನಿಂದ ಅದನ್ನು ಹಿಂದಕ್ಕೆ ಎಳೆಯುವಾಗ ನಿಲ್ಲುವುದಿಲ್ಲ. ದೊಡ್ಡ ಎಂಜಿನ್ನಿನ ಬಿಗಿ ಕ್ಲಚ್ ಹಿಡಿಯುವ ಎಡಗೈಯದೂ ಇದೇ ಕಥೆ. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾದ ಹಳೆಯ 250 ಸಿ.ಸಿ. ಗಾಡಿಗಳಲ್ಲಿ ಗೇರಿನ ಲಿವರನ್ನು ಕಾಲಲ್ಲಿ ಒತ್ತಿದರೆ ಕ್ಲಚ್ ತಾನೇ ಬಿಡುತ್ತಿತ್ತು. ಆ ಏರ್ಪಾಡು ಈಗ ಕಾಣುವುದಿಲ್ಲ. ಬದಲಿಗೆ ಹೋಂಡಾ ಸಿಬಿ350ಯಂಥವುಗಳಲ್ಲಿ ಹಿಡಿತವನ್ನು ಹಗುರ ಮಾಡುವ ಅಸಿಸ್ಟ್ ಕ್ಲಚ್ ಬಂದಿದೆ. ದೊಡ್ಡ ಎಂಜಿನ್ನೇ ಬೇಕೆನ್ನುವವರು ಇದನ್ನು ಕೇಳಿ ಪಡೆಯಲಿ.

ಹಾಗಿದ್ದರೆ ಸ್ಕೂಟರೇ ಸಾಲದೇ? ತರಕಾರಿ ಚೀಲ ಇಡಲು, ಸೀರೆಯುಟ್ಟು ಓಡಿಸಲು ಅದೇ ವಾಸಿ. ಆದರೆ ಹತ್ತು ಹನ್ನೆರಡು ಅಂಗುಲದ ಚಕ್ರ ಇಳಿದುಬಿಡುವ ಗುಂಡಿಯನ್ನು ಹದಿನೇಳು ಹದಿನೆಂಟರ ಚಕ್ರ ದಾಟಿಸಿಬಿಡುತ್ತದೆ. ರಸ್ತೆ ಅಗೆದಲ್ಲೆಲ್ಲ ಈ ವ್ಯತ್ಯಾಸ ಬೆನ್ನಿಗೆ ತಿಳಿಯುತ್ತದೆ. ಮೆತ್ತನೆಯ ಸೀಟು ಸಾಕೆನ್ನುವವರಿಗೂ ಒಂದು ಮಾತು. ಷೋರೂಮಿನಲ್ಲಿ ಹಿತವೆನಿಸುವ ಮೆತ್ತೆ ಅರ್ಧ ಗಂಟೆಯಲ್ಲಿ ಕುಸಿದು ತಳದ ಗಟ್ಟಿ ಪ್ಲಾಸ್ಟಿಕ್ಕನ್ನು ತೋರಿಸುತ್ತದೆ. ತುಸು ಬಿಗಿಯಾದ, ಅಗಲವಾದ, ಚಪ್ಪಟೆ ಸೀಟು ಕಡೆಯವರೆಗೂ ಭಾರ ಹೊರುತ್ತದೆ, ಹಿಂದಿನವರನ್ನು ಸವಾರನ ಮೇಲೆ ಜಾರಿಸುವುದೂ ಇಲ್ಲ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲೂರಲು ಜಾಗ, ಬಟ್ಟೆ ಚಕ್ರಕ್ಕೆ ಸಿಗದಂತೆ ರಕ್ಷಣೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವೇ ಹೇಳುತ್ತದೆ. ಅವು ಹೆಸರಿಗಷ್ಟೇ ಇವೆಯೋ, ಕೈಗೂ ಕಾಲಿಗೂ ಎಟಕುತ್ತವೆಯೋ ನೋಡಿಕೊಳ್ಳಬೇಕು.

ವರ್ಷಕ್ಕೆರಡು ಸಲ ಸಕಲೇಶಪುರಕ್ಕೆ ಹೋಗುವ ಆಸೆಗೆ ಉಳಿದೆಲ್ಲ ದಿನ 195 ಕೆ.ಜಿ. ತಳ್ಳುವುದು ನಷ್ಟದ ವ್ಯಾಪಾರ. ವಾರವಾರವೂ ಹೆದ್ದಾರಿ ಹಿಡಿಯುವವರ ಲೆಕ್ಕ ಬೇರೆ, ಅವರಿಗೆ 350 ಒಪ್ಪುತ್ತದೆ. ಉಳಿದವರಿಗೆ 125ರಿಂದ 160 ಸಿ.ಸಿ.ಯ, ನೆಟ್ಟಗೆ ಕೂರಿಸುವ ಬೈಕು ಧಾರಾಳವಾಯಿತು. ಟೆಸ್ಟ್ ರೈಡನ್ನು ಮಾತ್ರ ಭಾನುವಾರ ಬೆಳಗಿನ ಖಾಲಿ ರಸ್ತೆಯಲ್ಲಿ ಮಾಡಬೇಡಿ. ಸಂಜೆ ಆರಕ್ಕೆ, ಹಿಂದೆ ಮನೆಯವರನ್ನು ಕೂರಿಸಿಕೊಂಡು ಮಾಡಿ. ಇಳಿದ ಮೇಲೆ ಅವರ ಅಭಿಪ್ರಾಯ ಕೇಳಿಯೇ ಅಡ್ವಾನ್ಸ್ ಕೊಡಿ.